ತೆಂಗಿನ ಬುಡಕ್ಕೆ ಹೋದ ಬೂದಿ

ಮೇ ತಿಂಗಳ ಕೊನೆಯ ಭಾನುವಾರ, ಮಧ್ಯಾಹ್ನ ಹನ್ನೆರಡೂವರೆ. ನಾನು ಆರನೇ ಕ್ಲಾಸು ಮುಗಿಸಿದ್ದ ರಜೆ. ಆ ದಿನಗಳಲ್ಲಿ ಬೀಜಾಡಿಯ ನಮ್ಮ ಮನೆಯಲ್ಲಿ ಬಂಗುಡೆ ಮೀನು ಸುಡುತ್ತಿದ್ದದ್ದು ಅಂಗಳದಲ್ಲೇ. ಮೂರು ಕಲ್ಲಿನ ನಡುವೆ ತೆಂಗಿನ ಗೆರಟೆ, ಅಂದರೆ ಚಿಪ್ಪು, ಉರಿಸಿ, ಕೆಂಡವಾದ ಮೇಲೆ ಜಾಲರಿ ಇಡುತ್ತಿದ್ದರು.

ಅಂಗಳದ ಅಂಚಿನ ಎರಡು ತೆಂಗಿನ ಮರಗಳ ನಡುವೆ ಅಪ್ಪಯ್ಯನ ಬಲೆ ತೂಗುತ್ತಿತ್ತು. ದೊಡ್ಡ ಬೋಟುಗಳು ದಡ ಸೇರುವ ಮಳೆಗಾಲವೇ ಅಪ್ಪಯ್ಯನ ಸಣ್ಣ ದೋಣಿಗೆ ದುಡಿಮೆಯ ಕಾಲ. ಅದಕ್ಕಾಗಿ ತಿಂಗಳಿಡೀ ಕೂತು ಹರಿದ ಬಲೆಯನ್ನು ಸರಿಮಾಡಿದ್ದರು. ಅದು ಮುಗಿದ ಖುಷಿಗೇ ಅಂದು ಬಂಗುಡೆ ತಂದದ್ದು.

ಬೆಂಕಿಯ ವಿಷಯದಲ್ಲಿ ಅಪ್ಪಯ್ಯ ಬಹಳ ಜಾಗ್ರತೆ. ಒಲೆ ಬಲೆಯಿಂದ ದೂರ, ಪಕ್ಕದಲ್ಲಿ ಒಂದು ಕೊಡ ನೀರು.

"ಹಿಂದ್ ಸರಿ ಹೆಣೆ, ಲಂಗಕ್ಕೆ ಕಿಡಿ ಹಾರ್ತ್" ಎಂದು ಮಗಳಾದ ನನ್ನನ್ನು ಗದರಿದರು.

"ನಂಗೆ ದೊಡ್ಡ್ ಬಂಗ್ಡಿ ಬೇಕ್."

"ನಿಂಗೆ ತಲಿ ಸಾಕ್. ಬುದ್ಧಿ ಆದ್ರೂ ಬತ್ತ್" ಎಂದಳು ಅಮ್ಮ.

ಮಸಾಲೆ ಕೆಂಡದ ಮೇಲೆ ತೊಟ್ಟಿಕ್ಕಿ ಚುರ್ರೆಂದಾಗ ಏಳುವ ಆ ವಾಸನೆಗೆ ಮೂಗು ಉರಿದರೂ ನಾನು ಕದಲಲಿಲ್ಲ.

ನಮ್ಮ ಕಡೆ ಬೂದಿಯನ್ನು ಎಸೆಯುವುದಿಲ್ಲ, ತೆಂಗಿನ ಬುಡಕ್ಕೆ ಹಾಕುತ್ತಾರೆ. ಅಡುಗೆ ಒಲೆಯ ಬೂದಿ ರಾತ್ರಿಯಿಡೀ ಆರಿ ಬೆಳಿಗ್ಗೆ ಹೋಗುತ್ತಿತ್ತು. ಅಂದು ಊಟವಾದ ಮೇಲೆ ಅಮ್ಮ ಬೂದಿಯ ಮೇಲೆ ಅಂಗೈ ಇಟ್ಟು ನೋಡಿದಳು, ಗೋರಿಕೊಂಡು ಅಂಚಿನ ತೆಂಗಿನ ಬುಡಕ್ಕೆ ಸುರಿದಳು. ಅಲ್ಲಿ ತೇವ ನಿಲ್ಲಲೆಂದು ತೆಂಗಿನಕಾಯಿಯ ಒಣ ಸಿಪ್ಪೆ ಹೊದಿಸಿದ್ದರು.

ನಾಲ್ಕರ ಹೊತ್ತಿಗೆ ಕಡಲ ಗಾಳಿ ಜೋರಾಯಿತು. ಪಕ್ಕದ ಮನೆಯ ಶೀನಣ್ಣ ಬೇಲಿಯಾಚೆಯಿಂದ ಕೂಗಿದರು: "ಹ್ವಾಯ್, ನಿಮ್ಮ್ ಮರದ್ ಬುಡದಗೆ ಹೊಗಿ ಕಾಣಿ."

ನಾವು ಹೊರಗೆ ಬರುವಷ್ಟರಲ್ಲಿ ಸಿಪ್ಪೆಯಿಂದ ಎದ್ದ ಉರಿ ಬಲೆಗೆ ಹತ್ತಿತ್ತು. ನೈಲಾನ್ ಬಲೆ ಹತ್ತಿ ಬಟ್ಟೆಯಂತೆ ಉರಿಯುವುದಿಲ್ಲ, ಕರಗಿ ಬೆಂಕಿಯ ಹನಿಯಾಗಿ ಬೀಳುತ್ತದೆ. ಅಮ್ಮ ಬರಿಗೈಯಲ್ಲಿ ಬಲೆ ಎಳೆಯಲು ಓಡಿದಳು. ಅಪ್ಪಯ್ಯ ಕೈಲಿದ್ದ ಕೊಡ ಬಿಟ್ಟು ಅವಳ ರಟ್ಟೆ ಹಿಡಿದು ಹಿಂದಕ್ಕೆಳೆದರು.

"ಬಿಡ್. ಕೈಗೆ ಅಂಟ್ತ್. ಬಲೆ ಹೋದ್ರೆ ಹೋಯ್ಲಿ."

"ಬೂದಿ ಮುಟ್ಟಿ ಕಂಡಿದ್ದೆ," ಎಂದಳು ಅಮ್ಮ. "ತಣ್ಗಿತ್ತ್."

ಆ ಮಳೆಗಾಲ ಅಪ್ಪಯ್ಯ ಬೇರೆಯವರ ದೋಣಿಯಲ್ಲಿ, ಸಿಕ್ಕ ಮೀನಿನ ಪಾಲಿಗೆ ದುಡಿಯಲು ಹೋದರು. ಮರುವರ್ಷ ನಮ್ಮ ದೋಣಿಯನ್ನೂ ಮಾರಿಬಿಟ್ಟರು. ಅಮ್ಮನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ.

ಈಗ ನಮ್ಮಲ್ಲಿ ಮೀನು ಬೇಯುವುದು ಗ್ಯಾಸಿನ ಮೇಲೆ, ಕಾವಲಿಯಲ್ಲಿ. ಆ ಮೂರು ಕಲ್ಲುಗಳು ಬಾವಿಕಟ್ಟೆಯ ಹತ್ತಿರ ಪಾಚಿ ಹಿಡಿದಿವೆ. ಅಂಗಳದಲ್ಲಿ ಸುತ್ತ ಕೂತು, ಕೈ ಸುಟ್ಟುಕೊಳ್ಳುತ್ತ ಒಂದೇ ಬಾಳೆಲೆಯಿಂದ ಮೂವರೂ ಕಿತ್ತು ತಿಂದದ್ದು ಅದೇ ಕೊನೆ. ನೆರೆಯವರು ಭಾನುವಾರ ಅಂಗಳದಲ್ಲಿ ಗ್ರಿಲ್ ಹಚ್ಚಿದರೆ ಅಮ್ಮ ಕಿಟಕಿಯಲ್ಲಿ ನಿಂತಿರುತ್ತಾಳೆ, ಅವರು ಬೂದಿ ಎಲ್ಲಿ ಹಾಕುತ್ತಾರೆಂದು ನೋಡುವವರೆಗೂ.

ಮೇಲೆ ತಣ್ಣಗಾದ ಗೆರಟೆ ಕೆಂಡ ಬೂದಿಯೊಳಗೆ ಎಷ್ಟು ಹೊತ್ತು ಜೀವ ಹಿಡಿದಿರುತ್ತದೆ? ತಿಳಿದವರು ದಯವಿಟ್ಟು ಬರೆಯಿರಿ. ನಿಮ್ಮ ಉತ್ತರವನ್ನು ನಾನು ಓದಿ ಹೇಳಬೇಕಾದದ್ದು ಅಮ್ಮನಿಗೆ.