ಕೂಗಳತೆಯಲ್ಲಿದ್ದೆ ನೀನು

ಅವತ್ತು ಹೊಲ ನೋಡಲು ಆಫೀಸಿನವರು ಬಂದಿದ್ದರು, ಅಕ್ಕಯ್ಯಮ್ಮ. ನಾನೇ ನಿನ್ನನ್ನು ಕರೆಯಲಿಲ್ಲ. ಬರಲೇ ಇಲ್ಲ ಎಂದು ನಿನಗೆ ಇಷ್ಟು ವರ್ಷ ಹೇಳಿಕೊಂಡು ಬಂದದ್ದು ಹಸಿ ಸುಳ್ಳು.

ಎದುರಿಗೆ ಹೇಳುವ ಮೊದಲು ಒಮ್ಮೆ ಬರೆದು ನೋಡುತ್ತಿದ್ದೇನೆ. ಬಾಯಿಬಿಟ್ಟರೆ ನನ್ನ ನಾಲಿಗೆ ಜಾಣತನಕ್ಕೆ ಇಳಿಯುತ್ತದೆ — ಅದು ಮೊದಲಿನಿಂದಲೂ ಹಾಗೆಯೇ. ವಯಸ್ಸಿನಲ್ಲಿ ನನಗಿಂತ ಹಿರಿಯಳು ನೀನು. ಆದರೂ ಈಗಲೂ ಏಕವಚನವೇ ಬರುತ್ತಿದೆ, ನೋಡು.

ಕೆರೆಯ ಹಿಂದಿನ ಆ ಒಂದೂವರೆ ಎಕರೆ ಸರ್ಕಾರದ್ದು. ಮಂಡಿಕಲ್ ಕಡೆಯ ಈ ಹಳ್ಳಿಗೆ ನಾನು ಸೊಸೆಯಾಗಿ ಬಂದಾಗ ಅಲ್ಲಿ ಜಾಲಿ, ಕಲ್ಲು ಬಿಟ್ಟರೆ ಏನೂ ಇರಲಿಲ್ಲ. ಅದನ್ನು ಹೊಲ ಮಾಡಿದವರು ನೀನು ಮತ್ತು ನಿನ್ನ ಗಂಡ. ಅವನು ಹೋದ ಮೇಲೆ ನೀನೊಬ್ಬಳೇ ರಾಗಿ ಬಿತ್ತುತ್ತಿದ್ದೆ. ನಿನಗೆ ಎತ್ತಿರಲಿಲ್ಲ, ಹಾಗಾಗಿ ನಮ್ಮೊಂದಿಗೆ ಮುಯ್ಯಿ — ನಮ್ಮ ಎತ್ತು ನಿನ್ನ ಹೊಲ ಉತ್ತರೆ, ನೀನು ನಮ್ಮ ರೇಷ್ಮೆ ಹುಳುವಿನ ಮನೆಯಲ್ಲಿ ದುಡಿದು ಅದನ್ನು ತೀರಿಸುವುದು. ಎತ್ತು ಯಾರದ್ದೇ ಇರಲಿ, ಬೆಳೆ ಬಿತ್ತಿದವರದ್ದು. ನಮ್ಮೂರಲ್ಲಿ ಇದನ್ನು ಯಾರೂ ಯಾರಿಗೂ ಬಿಡಿಸಿ ಹೇಳುವುದಿಲ್ಲ.

ತೊಂಬತ್ತರ ದಶಕ ಶುರುವಾದಾಗ, ಸರ್ಕಾರಿ ಜಮೀನು ಉಳುತ್ತಿರುವ ಬಡವರಿಗೆ ಅದನ್ನೇ ಮಂಜೂರು ಮಾಡುತ್ತಾರೆಂದು ಸುದ್ದಿ ಬಂತು. ನೀನು ಅರ್ಜಿ ಹಾಕಿದೆ. ಬೇರೆ ಮನೆ ಮಾಡಿಕೊಂಡಿದ್ದ ನನ್ನ ಮೈದುನನೂ ಸದ್ದಿಲ್ಲದೆ ಅದೇ ಜಮೀನಿಗೆ ಹಾಕಿದ. ಉಳುತ್ತಿರುವವರು ಯಾರೆಂದು ಅಧಿಕಾರಿ ಸ್ಥಳಕ್ಕೇ ಬಂದು ನೋಡಿ, ಅಕ್ಕಪಕ್ಕದವರನ್ನು ಕೇಳಬೇಕಿತ್ತು. ಪಕ್ಕದ ಹೊಲ ನಮ್ಮದು.

ಅವತ್ತು ಹುಳ ಪೊರೆ ಕಳಚುವ ನಾಲ್ಕನೇ ಜ್ವರದಿಂದ ಎದ್ದು, ಎಷ್ಟು ಹಿಪ್ಪುನೇರಳೆ ಸೊಪ್ಪು ಹಾಕಿದರೂ ಸಾಲದೆ ಮೇಯುತ್ತಿತ್ತು. ನಮ್ಮ ಯಜಮಾನರು ಸೊಪ್ಪು ಹುಡುಕಿಕೊಂಡು ಪೆರೇಸಂದ್ರದ ಕಡೆ ಹೋಗಿದ್ದರು. ನೀನು ಬೆಳಗ್ಗೆಯೇ ಹೇಳಿದ್ದೆ.

“ಅಮ್ಮ, ಇವತ್ತು ಆಪೀಸಿನೋರು ಬರ್ತಾರಂತೆ. ನಾನು ಹೊಲದ ಹತ್ರ ಇರ್ಬೇಕು.”

“ಹುಳ ಬಿಟ್ಟು ಹೋಗ್ತೀಯೇನೇ? ಅವರು ಬಂದ್ರೆ ನಾನೇ ಕೂಗ್ತೀನಿ, ನೀನು ಸೊಪ್ಪು ಹಾಕ್ತಿರು.”

ನೀನು ನಂಬಿ ಒಳಗೆ ಹೋದೆ.

ಮಧ್ಯಾಹ್ನದ ಹೊತ್ತಿಗೆ ಜೀಪು ಬಂತು. ಮೈದುನ ಅವರ ಜೊತೆಯಲ್ಲೇ ಇಳಿದ. ನಾನು ನಮ್ಮ ಬದುವಿನ ಮೇಲೆ ನಿಂತಿದ್ದೆ. ಅಧಿಕಾರಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

“ಇದನ್ನ ಉತ್ತಿರೋದು ಯಾರ ಎತ್ತಮ್ಮ?”

“ನಮ್ಮ ಎತ್ತೇ ಸಾರ್.”

ಅಷ್ಟೇ. ‘ನಮ್ಮ’ ಅಂದದ್ದನ್ನು ಅವರು ಜೊತೆಯಲ್ಲಿದ್ದ ಮೈದುನನ ಲೆಕ್ಕಕ್ಕೇ ಬರೆದುಕೊಂಡರು. ನನ್ನ ಮಾತಿನಲ್ಲಿ ಸುಳ್ಳಿನ ಒಂದಕ್ಷರವೂ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟೆ, ಮಿಕ್ಕಿದ್ದು ಅವರ ಕೆಲಸ — ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ಎಲ್ಲಿಂದಲೋ ಬಂದ ಆ ಮನುಷ್ಯನಿಗೆ ನಮ್ಮ ಮುಯ್ಯಿ ಏನು ಗೊತ್ತು? ಗೊತ್ತಿದ್ದವಳು ನಾನು. ಇನ್ನೊಂದು ಮಾತು ಸೇರಿಸಿದ್ದರೆ — ಹೋಗಲಿ, ಒಂದು ಸಲ ಕೂಗಿದ್ದರೆ — ಹುಳುವಿನ ಮನೆ ಕೂಗಳತೆಯಲ್ಲೇ ಇತ್ತು, ಅಕ್ಕಯ್ಯಮ್ಮ.

ಯಾಕೆ ಹಾಗೆ ಮಾಡಿದೆ? ಮೈದುನನ ಮೇಲಿನ ಪ್ರೀತಿಯಿಂದ ಎಂದರೆ ಅವನೇ ನಗುತ್ತಾನೆ. ಜಮೀನಿನ ಆಸೆಗೆ ಎನ್ನಲು ಅದು ನನಗೆ ಬರುವಂಥದ್ದೂ ಅಲ್ಲ. ನಿನಗೆ ಸ್ವಂತ ಹೊಲವಾದರೆ, ನಾಳೆ ಒಂದು ಜೊತೆ ಎತ್ತು ಕಟ್ಟಿದರೆ, ನಮ್ಮ ಹುಳುವಿನ ಮನೆಗೆ ನೀನು ಯಾಕೆ ಬರುತ್ತೀ? ನಿನ್ನಷ್ಟು ನಾಜೂಕಾಗಿ ಹುಳ ನೋಡುವವರು ನನಗೆ ಇನ್ನೆಲ್ಲಿ ಸಿಗುತ್ತಾರೆ? ಇಷ್ಟೇ. ನಿನ್ನ ಬಡತನದಿಂದ ನನಗೆ ಅನುಕೂಲವಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಸಿಗುವುದಿಲ್ಲ.

ಸಂಜೆ ಕೈ ತೊಳೆದುಕೊಂಡು ಬಂದು ನೀನು ಕೇಳಿದೆ, “ಬರ್ಲಿಲ್ವಾ ಅಮ್ಮ?”

“ಇಲ್ಲ ಕಣೇ” ಅಂದೆ.

ಮಂಜೂರಾತಿ ಮೈದುನನ ಹೆಸರಿಗೆ ಬಂದಾಗ ನೀನು ಜಗಳಕ್ಕೆ ನಿಲ್ಲಲಿಲ್ಲ. “ನಾನು ಹೊಲದಲ್ಲಿ ನಿಂತಿರೋದನ್ನ ನೋಡಿದ್ರೆ ಕೊಟ್ಟಿರೋರು. ಬರ್ದೇನೇ ಬರ್ಕೊಂಡವ್ರೆ. ನೀವೇನ್ ಮಾಡ್ತೀರಿ ಬಿಡಿ” ಎಂದು ನನಗೇ ಸಮಾಧಾನ ಹೇಳಿದೆ. ಅವನು ಅಲ್ಲಿ ಹಿಪ್ಪುನೇರಳೆ ಹಾಕಿಸಿದ. ನಮಗೆ ಸೊಪ್ಪು ಸಾಲದಾದಾಗ ಅಲ್ಲಿಂದಲೇ ತರುತ್ತೇವೆ, ಕೊಯ್ಯುವ ಕೂಲಿ ನಿನ್ನದು. ಆ ಸೊಪ್ಪು ತಿಂದ ಹುಳದ ಗೂಡಿಗೆ ಶಿಡ್ಲಘಟ್ಟದಲ್ಲಿ ಒಳ್ಳೆ ರೇಟು ಸಿಕ್ಕಿತೆಂದು ನಾನು ಖುಷಿಪಟ್ಟದ್ದೂ ಉಂಟು.

ಮೊನ್ನೆ ನಿನ್ನ ಮಗಳು ಹೇಳುತ್ತಿದ್ದಳಲ್ಲ — ತಾಲ್ಲೂಕಿನಲ್ಲಿ ಯಾರದ್ದೋ ಹಳೆಯ ಮಂಜೂರಾತಿ ಮತ್ತೆ ವಿಚಾರಣೆಗೆ ಬಂದಿದೆ, ನಾವೂ ಅರ್ಜಿ ಹಾಕೋಣ ಎಂದು. ನೀನು ಅವಳನ್ನು ಗದರಿದೆ. “ಅಮ್ಮನೋರ ಮನೆಯೋರ ಮೇಲೆ ಹಾಕ್ತೀಯೇನೇ? ಉಂಡ ಮನೆಗೆ ಎರಡು ಬಗೀತಾರಾ?”

ನಾನು ಮೊರದ ಮುಂದೆ ಕೂತು, ಆರಿಸಿ ಮುಗಿದಿದ್ದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದೆ. ಆ ಮಾತು ಕೇಳಿದಂದಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಅರ್ಜಿ ಹಾಕು, ಅಕ್ಕಯ್ಯಮ್ಮ. ಸಾಕ್ಷಿ ಯಾರೆಂದು ಕೇಳಿದರೆ ನನ್ನ ಹೆಸರು ಹೇಳು. ಮೈದುನ ಬಾಗಿಲಿಗೆ ಬಂದು ಕೂಗಾಡುತ್ತಾನೆ, ನಮ್ಮವರು ಮಾತು ಬಿಡುತ್ತಾರೆ — ಬಿಡಲಿ. ಜಮೀನು ಬರುತ್ತದೋ ಇಲ್ಲವೋ ಗೊತ್ತಿಲ್ಲ. ಹೋದ ವರ್ಷಗಳನ್ನಂತೂ ಯಾವ ಕಚೇರಿಯೂ ಮಂಜೂರು ಮಾಡುವುದಿಲ್ಲ.

ನಾಳೆ ಬೆಳಗ್ಗೆ ನೀನು ಕೆಲಸಕ್ಕೆ ಹೊರಡುವ ಮೊದಲು ನಾನೇ ನಿಮ್ಮ ಬೀದಿಗೆ ಬರುತ್ತೇನೆ. ಮದುವೆಯಾಗಿ ಬಂದ ಮೇಲೆ ಒಂದು ದಿನವೂ ಅಲ್ಲಿಗೆ ಕಾಲಿಟ್ಟವಳಲ್ಲ. ನಿನ್ನ ಮಗಳ ಎದುರಿಗೇ ಎಲ್ಲವನ್ನೂ ಹೇಳುತ್ತೇನೆ. ಕೇಳಿದ ಮೇಲೆ ನೀನು ನನ್ನ ಮುಖ ನೋಡದಿದ್ದರೂ ಸಾಕ್ಷಿ ಹೇಳಲು ಬರುತ್ತೇನೆ.