ಇಸಬಿಗೆ ಹೊದಿಸಿದ ಕಂಬಳಿ

ನನ್ನ ಮೊಣಕೈ ನೋಡಿದವರಿಗೆಲ್ಲ ಒಂದೊಂದು ಔಷಧ ಗೊತ್ತಿತ್ತು. ಅದನ್ನು ಹೇಳದೆ ಬಾಯಿ ಮುಚ್ಚಿಕೊಂಡು ಹೋದವರನ್ನು ನಮ್ಮೂರು ಹಲಬರ್ಗಾದಲ್ಲಿ ನಾನು ಕಾಣಲಿಲ್ಲ. ಒಬ್ಬರು ಬೇವಿನ ಸೊಪ್ಪು ಅರೆದು ಹಚ್ಚಿ ಎಂದರು, ಇನ್ನೊಬ್ಬರು ಬದನೆಕಾಯಿ ನಂಜು, ಬಿಡಿಸಿ ಎಂದರು. ಔರಾದಿನ ಸೋದರತ್ತೆ ಯಾವುದೋ ಕಪ್ಪು ಎಣ್ಣೆ ಕಳಿಸಿದಳು. ಅದರ ವಾಸನೆಗೆ ನಮ್ಮ ನಾಯಿ ಕೂಡ ನನ್ನ ಹತ್ತಿರ ಬರುವುದನ್ನು ಬಿಟ್ಟಿತು.

ಇಸಬು ಶುರುವಾದದ್ದು ಬಹಳ ಸಣ್ಣದಾಗಿ. ಚಳಿಗಾಲದಲ್ಲಿ ಮೊಣಕೈ ಮಡಚುವ ಕಡೆ ಚರ್ಮ ಒಣಗಿ ಬಿಳಿಚಿಕೊಂಡಿತು. ಆಮೇಲೆ ತುರಿಕೆ. ತುರಿಸಿದರೆ ಒಂದು ಗಳಿಗೆ ಹಾಯೆನಿಸುತ್ತಿತ್ತು, ಮರುಗಳಿಗೆ ಉರಿ. ಕೆಂಪಾಯಿತು, ಸಣ್ಣ ಗುಳ್ಳೆ ಎದ್ದವು, ಒಡೆದು ನೀರು ಸೋರಿತು, ಹಕ್ಕಳೆ ಕಟ್ಟಿತು. ಹಕ್ಕಳೆಯ ಕೆಳಗೆ ಮತ್ತೆ ತುರಿಕೆ. ಕೊನೆಗೆ ಅಲ್ಲಿನ ಚರ್ಮ ದಪ್ಪಗಾಗಿ ಕಪ್ಪಾಯಿತು. "ತುರಿಸ್ಕೋಬ್ಯಾಡ" ಎಂದು ಮನೆಯವರೆಲ್ಲ ಹೇಳುತ್ತಿದ್ದರು. ಹೇಳುವವರಿಗೇನು, ಅವರ ಮೈ ತಣ್ಣಗಿತ್ತು!

ನಮ್ಮದು ಕುರಿ ಸಾಕುವ ಮನೆ. ಕಂಬಳಿಯೆಂದರೆ ನಮಗೆ ಬರೀ ಹೊದಿಕೆಯಲ್ಲ, ದೇವರನ್ನು ಕೂರಿಸುವ ಗದ್ದುಗೆ. ಹಾಗಾಗಿ ಅಪ್ಪನ ತಾಯಿ, ನಾವು ಆಯಿ ಎಂದು ಕರೆಯುತ್ತಿದ್ದವಳು, ತನ್ನ ಔಷಧ ಹೊರತೆಗೆದಳು: ಕರಿ ಕಂಬಳಿಯನ್ನು ನನ್ನ ಬರಿ ಮೈಗೆ ಸುತ್ತಿ ಮಲಗಿಸಿದಳು. ಬೆಳಗಾದರೆ ಮೊಣಕೈ, ಮೊಣಕಾಲ ಹಿಂಭಾಗ, ಕುತ್ತಿಗೆ ಎಲ್ಲ ಕೆಂಪು. ನಾನು ಅತ್ತರೆ ಆಯಿಗೆ ಖುಷಿ.

"ನೋಡ್, ರೋಗ ಹೊರಗ ಬರ್ಲಕತ್ತದ. ಕಂಬಳಿ ಎಳೀಲಕತ್ತದ."

ರೋಗ ಹೆಚ್ಚಾದರೂ ಕಂಬಳಿಯ ಮಹಿಮೆ, ಕಡಿಮೆಯಾದರೂ ಅದರದೇ ಮಹಿಮೆ.

ನಮ್ಮ ಬೀದರ್ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಮ್ಮ ಶಾಲೆಗೆ ಮೈಸೂರು ಕಡೆಯ ಮಾಸ್ತರರೊಬ್ಬರು ಬಂದಿದ್ದರು. ನನ್ನ ಕೈ ನೋಡಿ ಸರ್ರನೆ ಹಿಂದೆ ಸರಿದರು. "ಇದು ಅಂಟು ಕಣಮ್ಮ. ಪೂರ್ತಿ ವಾಸಿಯಾದ ಮೇಲೆ ಬಾ" ಎಂದರು. ಪೂರ್ತಿ ವಾಸಿ ಯಾವಾಗ ಆಗಬೇಕು? ಮನೆಯಲ್ಲಿ ಕೂತ ಹುಡುಗಿಯನ್ನು ಮತ್ತೆ ಶಾಲೆಗೆ ಕಳಿಸುವ ರೂಢಿ ನಮ್ಮಲ್ಲಿರಲಿಲ್ಲ. ಒಂದು ಸಲ ಕುರಿಮರಿ ಕಾಯಲು ನಿಂತರೆ ನನ್ನ ಓದು ಮುಗಿದಂತೆಯೇ. ನನಗೋ ಓದಲೇಬೇಕಿತ್ತು.

ಅಪ್ಪ ರೈಲು ಹತ್ತಿಸಿ ಬೀದರಿಗೆ ಕರೆದೊಯ್ದ. ಆಯಿಯೂ ಹೊರಟಳು, ಕಂಬಳಿ ಸಮೇತ. ಡಾಕ್ಟರು ನನ್ನ ಚರ್ಮ ನೋಡಿದರು, ಆಯಿಯ ಹೆಗಲ ಮೇಲಿನ ಕಂಬಳಿಯನ್ನೂ ನೋಡಿದರು.

"ಇದು ಯಾರಿಗೂ ಅಂಟೂದಿಲ್ರಿ. ಈ ಕಂಬಳಿ ಉಣ್ಣೆ ತಿಕ್ಕಿ ಜಾಸ್ತಿ ಆಗ್ಯಾದ. ಕಂಬಳಿ ಬಿಡಸ್ರಿ, ಈ ಮಲಾಮು ಹಚ್ರಿ, ಮೈ ಒಣಗ್ಲಿಕ್ಕಿ ಬಿಡಬ್ಯಾಡ್ರಿ."

"ಕಂಬಳಿಗಿ ದೋಷ ಹಚ್ತೀರೇನ್ರಿ ಸಾಹೇಬ್ರ?" ಎಂದು ಆಯಿ ಎದ್ದೇಬಿಟ್ಟಳು. ಊರು ಬರುವತನಕ ಅಪ್ಪನ ಕೈಯಲ್ಲಿದ್ದ ಮಲಾಮಿನ ಡಬ್ಬಿಯ ಕಡೆ ಆಕೆ ತಿರುಗಿ ನೋಡಲಿಲ್ಲ.

ಆದರೆ ಮಲಗುವಾಗ ನನ್ನ ಮೈಗೆ ಹಳೆ ಸೀರೆಯ ಮೆತ್ತನೆ ಕೌದಿ ಬಂತು, ಅದರ ಮೇಲೆ ಕಂಬಳಿ. "ದೇವರೂ ಸಿಟ್ಟಾಗಬಾರ್ದು, ಡಾಕ್ಟರೂ ಸಿಟ್ಟಾಗಬಾರ್ದು" ಎಂದಳು ಆಯಿ. ಮಲಾಮು ಹಚ್ಚುತ್ತ ದಿನ ಕಳೆದಂತೆ ಸೋರುವುದು ನಿಂತಿತು, ಹಕ್ಕಳೆ ಉದುರಿತು, ಕಪ್ಪು ಮಾತ್ರ ಉಳಿಯಿತು. "ಕಂಬಳಿ ರೋಗ ಎಳದು ಮುಗಿಸ್ತು ನೋಡ್ರಿ" ಎಂದು ಓಣಿಗೆಲ್ಲ ಸಾರಿದಳು. ಭಾಲ್ಕಿ ಸಂತೆಗೆ ಹೋದಾಗ ಅಲ್ಲಿಯೂ ಸಾರಿ ಬಂದಳು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಶಾಲೆಗೆ ಹೋದರೆ ಮಾಸ್ತರರು ಆ ಕಪ್ಪನ್ನು ನೋಡಿ ಮತ್ತೆ ಬಾಗಿಲಲ್ಲೇ ತಡೆದರು. ಅಳುತ್ತ ಮನೆಗೆ ಬಂದೆ. ಆಯಿ ನನ್ನ ರಟ್ಟೆ ಹಿಡಿದು ಶಾಲೆಗೆ ನಡೆದಳು. ಎಲ್ಲರೆದುರು ನನ್ನ ಮೊಣಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು.

"ನೋಡ್ರಿ ಮಾಸ್ತರ, ಈಕಿ ದಿನಾ ನನ್ನ ಮಗ್ಗಲದಾಗೇ ಮಲಗ್ತಾಳ. ಅಂಟೂದಿದ್ರ ಮೊದಲ ನನಗ ಅಂಟಬೇಕಿತ್ತು. ಅಂಟೂದಿಲ್ಲಂತ ಬೀದರಿನ ಡಾಕ್ಟರ್ ಹೇಳ್ಯಾರ. ಭಾಳ ಶಾಣ್ಯಾ ಇದ್ದಾರ ಅವರು."

ಎಲಾ ಇವಳ! ಆ ಡಾಕ್ಟರು ಯಾವಾಗ ಶಾಣ್ಯಾ ಆದರು? ಸಿಟ್ಟು, ಅಳು, ನಗು ಎಲ್ಲ ಒಟ್ಟಿಗೇ ಬಂದವು. ಮಾಸ್ತರರು ಒಳಗೆ ಕೈ ತೋರಿಸಿದರು.

ಮುಂದಿನ ಸಾಲಿನಲ್ಲಿ ಕೂತೆ. ಕೂತ ಕೂಡಲೇ ಮೊಣಕೈಯಲ್ಲಿ ತುರಿಕೆ ಶುರುವಾಯಿತು. ಆಯಿ ಇನ್ನೂ ಬಾಗಿಲಲ್ಲೇ ನಿಂತಿದ್ದಳು. ಪಾಟಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡೆ, ತುರಿಸಿಕೊಳ್ಳಲಿಲ್ಲ.