ತಂಬೂರಿಯಾ ದೇಶದ ಗೋಲ್‌ಕೀಪರ್

ಇವತ್ತು ಸಪ್ತಾಪುರದ ಕಿರಾಣಿ ಅಂಗಡಿ ಮುಂದೆ ಒದ್ದೆ ಗೋಣಿಚೀಲದ ವಾಸನೆ ಮೂಗಿಗೆ ಬಡಿಯಿತು ನೋಡಿ, ನಾನು ನೆನಪಿನಲ್ಲೇ ಸೀದಾ ನಮ್ಮೂರು ಮುಗದದ ದನದ ಕೊಟ್ಟಿಗೆಯ ಮುಂದೆ ಹೋಗಿ ನಿಂತೆ. ಚಿಕ್ಕಂದಿನಲ್ಲಿ ಅದೇ ತಂಬೂರಿಯಾ ದೇಶದ ಫುಟ್‌ಬಾಲ್ ಮೈದಾನ. ಆ ದೇಶ ಯಾವ ನಕಾಶೆಯಲ್ಲೂ ಇಲ್ಲ, ಹುಟ್ಟಿಸಿದವನು ನಾನೇ. ಚೆಂಡು ಗೋಣಿತಟ್ಟಿನೊಳಗೆ ಚಿಂದಿ ತುಂಬಿ ಹೊಲಿದದ್ದು. ರಾಷ್ಟ್ರೀಯ ತಂಡದಲ್ಲಿ ಇಬ್ಬರೇ: ಕ್ಯಾಪ್ಟನ್ ನಾನು, ಗೋಲ್‌ಕೀಪರ್ ನಮ್ಮಕ್ಕ ಗಂಗವ್ವ. ಓಣಿಯ ಹುಡುಗರೆಲ್ಲ ಸೇರಿ ಉಳಿದ ಜಗತ್ತು. ನಾವಿಬ್ಬರೂ ಕೂಡಿ ಆಡಿದಷ್ಟು ದಿನ ಒಮ್ಮೆಯೂ ಸೋಲಲಿಲ್ಲ, ಖರೇ ಹೇಳುತ್ತೇನೆ.

ಪ್ರತಿ ಪಂದ್ಯವನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಸಂಜೆ ಅಪ್ಪ ಕಟ್ಟೆಯ ಮೇಲೆ ಕೂತು ಅಂಗೈಯಲ್ಲಿ ತಂಬಾಕು ತಿಕ್ಕುತ್ತಾ, "ಓದಪಾ ಕ್ಯಾಪ್ಟನ್, ನಿಮ್ಮ ದೇಶದ ಇತಿಹಾಸ," ಎನ್ನುತ್ತಿದ್ದ. ನಾನು ಓದುವಾಗ ಅಕ್ಕ ತರಚಿದ ಮೊಣಕೈಗೆ ಅರಿಶಿನ ಹಚ್ಚಿಕೊಳ್ಳುತ್ತಾ ಕೇಳುತ್ತಿದ್ದಳು.

"ಚೆಂಡು ತಡದಾಕಿ ನಾನು. ನನ್ನ ಹೆಸರು ಎಲ್ಲೈತೋ?"

"ಇತಿಹಾಸದಾಗ ಕ್ಯಾಪ್ಟನ್ ಹೆಸರಷ್ಟ ಇರತೈತಿ, ಸುಮ್ನಿರಬೇ ಯಕ್ಕಾ!"

ಅವಳು ಮದುವೆಯಾಗಿ ಉಪ್ಪಿನಬೆಟಗೇರಿಗೆ ಹೋದಳು. ಮುಂದಿನ ಪಂದ್ಯದಲ್ಲಿ ತಂಬೂರಿಯಾ ಹತ್ತು ಗೋಲು ತಿಂದಿತು. ಅದನ್ನು ಬರೆಯಲು ಕೈ ಏಳಲಿಲ್ಲ. ಇತಿಹಾಸ ಅಲ್ಲಿಗೇ ನಿಂತಿತು.

ಇವತ್ತು ಅಂಗಡಿ ಮುಂದಿನಿಂದಲೇ ಅಕ್ಕನಿಗೆ ಫೋನ್ ಮಾಡಿದೆ. "ಯಕ್ಕಾ, ಆ ನೋಟ್‌ಬುಕ್ ಇನ್ನೂ ಐತಿ. ಎಲ್ಲಾ ಪುಟದಾಗೂ ನಿನ್ನ ಹೆಸರು ಬರೀತೇನಿ."

ಅಕ್ಕ ಅಂದಳು:

"ಹೆಸರು ಇರ್ಲಿ ಬಿಡೋ. ಒಂದು ಗೋಣಿಚೀಲ ತಗೊಂಡು ಬಾ, ಚೆಂಡು ಹೊಲಿಯೂಣು. ಮೊಣಕಾಲು ಹೋಗ್ಯಾವು, ಕೈ ಇನ್ನೂ ಅದಾವು."